ಮೈ ನೆಟ್ಟಗಿಲ್ಲದ ಯಂತ್ರ

ಶಕುನ, ಮುನ್ಸೂಚನೆ, ಇಂಥವನ್ನೆಲ್ಲ ನಾನು ನಂಬಿದವನಲ್ಲ. ನಂಬುವವರನ್ನು ಕಂಡರೆ ನಗುತ್ತಲೂ ಇದ್ದೆ. ನನ್ನ ಕೆಲಸವೇ ಅಂಥದ್ದು. ಕ್ಯಾನ್ಸರ್ ರೋಗಿಗಳಿಗೆ ವಿಕಿರಣ ಕೊಡುವ ಯಂತ್ರ ನಾವು ಹೇಳಿದಷ್ಟೇ ಕೊಡುತ್ತಿದೆಯೇ ಎಂದು ದಿನವೂ ಬೆಳಿಗ್ಗೆ, ರೋಗಿಗಳು ಒಳಗೆ ಬರುವ ಮೊದಲು ಅಳೆದು, ದಪ್ಪ ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕು. ಏಳು ವರ್ಷ ಒಂದು ದಿನವೂ ತಪ್ಪದೆ ಬರೆದಿದ್ದೆ. ಆ ಪುಸ್ತಕದ ಬಗ್ಗೆ ನನಗಿದ್ದ ಜಂಬ ಅಷ್ಟಿಷ್ಟಲ್ಲ.

ಮಿಡಿಗೇಶಿ ಕಡೆಯ ಸಣ್ಣೀರಮ್ಮನಿಗೆ ಗಂಟಲ ಕ್ಯಾನ್ಸರ್. ಜೀವಮಾನವೆಲ್ಲ ಕುರಿ ಮೇಯಿಸಿದ ಹೆಂಗಸು. ಮೊದಲ ಬಸ್ಸಿಗೆ ಬಂದು, ಮೊದಲ ಸರದಿಯಲ್ಲೇ 'ಕರೆಂಟು' ಕೊಡಿಸಿಕೊಂಡು ಹೋಗುತ್ತಿದ್ದಳು. ವಿಕಿರಣಕ್ಕೆ ನಮ್ಮ ಕಡೆಯವರು ಇಟ್ಟ ಹೆಸರು ಅದು. ಎರಡು ವಾರ ಆಯಮ್ಮ ತೆಪ್ಪಗೆ ಬಂದು ಮಲಗಿದ್ದಳು. ಆ ದಿನ ಮಾತ್ರ ಯಂತ್ರದ ಮಂಚದ ಮೇಲೆ ಅಂಗೈಯಿಟ್ಟು ನಿಂತುಬಿಟ್ಟಳು. ಬೆಳಿಗ್ಗೆ ಅಳೆದ ಮೇಲೆ ಯಂತ್ರವನ್ನು ನಾವಿನ್ನೂ ಶುರು ಮಾಡಿರಲಿಲ್ಲ.

"ನಾನೊಲ್ಲೆ ಕಣಪ್ಪಾ. ಇವತ್ತು ಇದ್ಕೆ ಮೈ ನೆಟ್ಟಗಿಲ್ಲ."

ನನಗೆ ರೇಗಿತು. "ಈಗ ತಾನೆ ನೋಡಿದ್ದೀನಮ್ಮ, ಎಲ್ಲ ಸರಿಯಾಗಿದೆ. ಹೊರಗಡೆ ಜನ ಕಾಯ್ತಿದ್ದಾರೆ."

"ಮಂದೇಲಿ ಒಂದು ಕುರಿ ಸಪ್ಪಗಿದ್ರೆ ನೋಡ್ತಿದ್ದಂಗೇ ಗೊತ್ತಾಗ್ತದೆ. ಇದೂ ಅಂಗೇಯ. ಇನ್ನೊಂದ್ ಕಿತ ನೋಡ್ಬುಡು."

ಆಯಮ್ಮನನ್ನು ಹೊರಗೆ ಕೂರಿಸಿ, ಬಾಯಿ ಮುಚ್ಚಿಸಲೆಂದೇ ಮತ್ತೆ ಅಳೆದೆ. ಕೋಣೆಯ ಗಾಳಿಯ ಶಾಖವನ್ನೂ ಸೇರಿಸಿಕೊಂಡು ಈ ಲೆಕ್ಕ ಹಾಕಬೇಕು. ಗೋಡೆಯ ಥರ್ಮಾಮೀಟರ್ ನೋಡಿದೆ, ಪುಸ್ತಕ ನೋಡಿದೆ. ದಿನಾ ಹೆಚ್ಚುಕಮ್ಮಿ ಅಷ್ಟೇ ಇರುತ್ತದಲ್ಲ ಎಂಬ ಸಸಾರದಿಂದ, ಬೆಳಿಗ್ಗೆ ಥರ್ಮಾಮೀಟರ್ ಕಡೆ ತಿರುಗಿಯೂ ನೋಡದೆ ಹಿಂದಿನ ದಿನದ ಅಂಕಿಯನ್ನೇ ಇಳಿಸಿದ್ದೆ! ಸರಿಯಾದ ಅಂಕಿ ಹಾಕಿದರೆ, ಯಂತ್ರ ಮಿತಿ ಮೀರಿ ಕೊಡುತ್ತಿತ್ತು. ಸಣ್ಣೀರಮ್ಮನ ಗಂಟಲಿಗೂ, ಹೊರಗೆ ಬೆಂಚಿನ ಮೇಲೆ ಕೂತಿದ್ದವರಿಗೂ ಆ ದಿನ ಆ ಹೆಚ್ಚಿನ ವಿಕಿರಣವೇ ಹೋಗುತ್ತಿತ್ತು. ಪುಸ್ತಕದಲ್ಲಿ ಆ ತಪ್ಪು ಲೆಕ್ಕದ ಕೆಳಗೆ ನನ್ನ ಸಹಿ.

ಯಂತ್ರ ನಿಲ್ಲಿಸಿ, ದೊಡ್ಡ ಡಾಕ್ಟರ ಮುಂದೆ ನನ್ನ ತಪ್ಪು ಒಪ್ಪಿಕೊಂಡು, ಎಲ್ಲರನ್ನೂ ವಾಪಸು ಕಳಿಸಿದೆ.

ಕೋಣೆಯ ಶಾಖ ಆಯಮ್ಮನಿಗೆ ತಾಕಿತ್ತೇನೋ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಆದರೆ ಅದು ನನ್ನ ಮೈಗೇ ತಿಳಿಯದಷ್ಟು ಸಣ್ಣ ವ್ಯತ್ಯಾಸ. ಅಲ್ಲದೆ ಯಂತ್ರ ಹೆಚ್ಚು ಕೊಡುತ್ತಿದ್ದುದು ಶಾಖದಿಂದಲ್ಲ, ಒಳಗೆ ಒಂದು ಭಾಗ ಕೆಟ್ಟಿತ್ತು. ಅದು ಕೆಟ್ಟರೆ ಸದ್ದೂ ಬರುವುದಿಲ್ಲ, ವಾಸನೆಯೂ ಬರುವುದಿಲ್ಲ.

ಚಿಕಿತ್ಸೆ ಮುಗಿದ ದಿನ ತಡೆಯಲಾರದೆ ಕೇಳಿಯೇಬಿಟ್ಟೆ. "ಅವತ್ತು ನಿಮಗೆ ಹೆಂಗೆ ಗೊತ್ತಾಯ್ತಮ್ಮ?"

ಸಣ್ಣೀರಮ್ಮ ನನ್ನ ಮುಖವನ್ನೇ ನೋಡಿದಳು. "ಅಯ್ಯೋ, ದಿನಾ ಅದ್ರ ಮಗ್ಗುಲಲ್ಲೇ ಇರೋನು ನೀನು. ನಿಂಗೆ ಹೆಂಗೆ ಗೊತ್ತಾಗ್ಲಿಲ್ಲ, ಅದ್ ಹೇಳಪ್ಪ."

ಆಯಮ್ಮನ ಪ್ರಶ್ನೆಗೆ ಉತ್ತರ ನನಗೆ ಗೊತ್ತಿತ್ತು. ನನ್ನ ಪ್ರಶ್ನೆಗೆ ಉತ್ತರ ಇವತ್ತಿಗೂ ಸಿಕ್ಕಿಲ್ಲ.