ಪಾಯಜಾಮಕ್ಕೆ ಹೊಲಿದ ಕೌದಿ

ತಪ್ಪು ಹುಡುಕುವುದೇ ನನ್ನ ಉದ್ಯೋಗವಾಗಿತ್ತು. ಪುಣೆ ಹತ್ತಿರದ ರಾಂಜಣಗಾಂವದ ಒಂದು ಕಾರ್ಖಾನೆಯಲ್ಲಿ ತಯಾರಾದ ಬಿಡಿಭಾಗಗಳನ್ನು ಅಳೆದು, ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಕೆಂಪು ಡಬ್ಬಿಗೆ ಎಸೆಯುವ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ನಿವೃತ್ತನಾಗುವವರೆಗೂ ಇದ್ದೆ. ಕಂಪನಿಯ ಬಸ್ಸಿಳಿದು ಪುಣೆಯ ಮನೆಗೆ ಬಂದ ಮೇಲೂ ಕಣ್ಣು ಸುಮ್ಮನಿರುತ್ತಿರಲಿಲ್ಲ. ಗೋಡೆಯ ಕ್ಯಾಲೆಂಡರ್ ವಾಲಿದೆಯೇ, ಚಪಾತಿ ಗುಂಡಗಿದೆಯೇ, ಹಾಲಿನವನ ಅಳತೆ ಸರಿಯಿದೆಯೇ ಎಂದು ನೋಡುತ್ತಲೇ ಇರುತ್ತಿತ್ತು. ಇದಕ್ಕೆಲ್ಲ ನನ್ನ ಹೆಂಡತಿಯದು ಒಂದೇ ಮಾತು: "ಕಾರ್ಖಾನಿ ಅಲ್ಲೇ ಬಿಟ್ಟ ಬರ್ರಿ ಅಂದ್ರ, ಹೆಗಲ ಮ್ಯಾಲ ಹೊತಗೊಂಡ ಬರ್ತೀರಿ."

ಇಂಥ ನಾನು ಸೂಜಿ ಹಿಡಿದು ಕೌದಿ ಹೊಲಿಯಲು ಕೂತೆ ಎಂದರೆ ವಿಜಯಪುರದ ಕಡೆಯ ನಮ್ಮ ನೆಂಟರು ಇವತ್ತಿಗೂ ನಂಬುವುದಿಲ್ಲ. ನಂಬದಿದ್ದರೆ ಬಿಡಲಿ. ಹೊಲಿದದ್ದು ನಿಜ.

ಕಳೆದ ಮಳೆಗಾಲದಲ್ಲಿ ಇಬ್ಬರೂ ಗುಡ್ಡದ ಊರಾದ ಲೋಣಾವಳಾಕ್ಕೆ ಹೋಗಿದ್ದೆವು. ಮಳೆಯಲ್ಲಿ ನೆನೆಯುತ್ತ ಸುಟ್ಟ ಮೆಕ್ಕೆಜೋಳದ ತೆನೆ ತಿನ್ನಬೇಕೆಂಬುದು ಅವಳ ಬಹಳ ದಿನದ ಆಸೆ. ತೆನೆ ಸಿಕ್ಕಿತು, ಅದರ ಹಿಂದೆಯೇ ಪಾಚಿಗಟ್ಟಿದ ಮೆಟ್ಟಿಲೂ ಸಿಕ್ಕಿತು. ಜಾರಿ ಬೀಳುವಾಗಲೂ ಮಹಾತಾಯಿ ತೆನೆ ಬಿಡಲಿಲ್ಲ; ತೆನೆ ಹಿಡಿದ ಬಲಗೈಯನ್ನೇ ನೆಲಕ್ಕೆ ಊರಿದಳು. ಮಣಿಕಟ್ಟು ಮುರಿಯಿತು. ದಸರೆಯ ಹೊತ್ತಿಗೆ ಪ್ಲಾಸ್ಟರ್ ತೆಗೆದ ಡಾಕ್ಟರರು, ಎಲುಬು ಚೆನ್ನಾಗಿ ಕೂಡಿದೆ, ಇನ್ನು ಕೈಯನ್ನು ಕೆಲಸಕ್ಕೆ ಹಚ್ಚಿ ಎಂದರು. ಹಿಚುಕಲು ಒಂದು ರಬ್ಬರ್ ಚೆಂಡನ್ನೂ ಕೊಡಿಸಿದರು. ಚೆಂಡು ಉಳ್ಳಾಗಡ್ಡಿಯ ಬುಟ್ಟಿಯಲ್ಲಿ ಬಿದ್ದಿತು. ಕೈ ಸೆರಗಿನೊಳಗೆ ಸೇರಿತು. ಲೋಟ ಎತ್ತುವುದಕ್ಕೂ ಬಾಗಿಲು ತೆಗೆಯುವುದಕ್ಕೂ ಅವಳು ಎಡಗೈಯನ್ನೇ ಮುಂದೆ ಮಾಡತೊಡಗಿದಳು.

ಅವಳು ಬೀಳುವುದಕ್ಕೆ ಮೊದಲೇ ನಮ್ಮ ಒಬ್ಬಳೇ ಮಗಳು ಬಸುರಿಯಾಗಿದ್ದಳು. ಅವಳನ್ನು ಕೊಟ್ಟದ್ದು ಭೋರ್ ಎಂಬ ಊರಿನ ಮನೆತನಕ್ಕೆ. ಅಳಿಯನದು ಅಲ್ಲಿಯ ಪೇಟೆಯಲ್ಲಿ ಅಂಗಡಿ. ಚೊಚ್ಚಲ ಬಾಣಂತನ ತವರಿನಲ್ಲಿ ಎಂಬುದು ಗಟ್ಟಿಯಾಗಿತ್ತು. ನನ್ನ ಹೆಂಡತಿಯ ತವರಿನಲ್ಲಿ ಮತ್ತೊಂದು ಪದ್ಧತಿ ಇದೆ. ಮೊದಲ ಮೊಮ್ಮಗುವಿನ ಕೌದಿಯನ್ನು ಅಜ್ಜಿಯೇ ಹೊಲಿಯಬೇಕು, ಅದೂ ಮಗಳು ಮನೆಗೆ ಬರುವ ಮೊದಲು. ಉಟ್ಟು ಉಟ್ಟು ಮೆತ್ತಗಾದ ಹಳೆಯ ಸೀರೆಗಳನ್ನು ಪದರಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನು ಇಟ್ಟು, ಎಲ್ಲವೂ ಒಂದಾಗುವಂತೆ ಸಾಲುಸಾಲಾಗಿ ಹೊಲಿಗೆ ಹಾಕುತ್ತ ಹೋಗುವುದು. ನನ್ನ ಹೆಂಡತಿ ಲೋಣಾವಳಾಕ್ಕೆ ಹೋಗುವ ಮೊದಲೇ ಪದರ ಹಾಸಿ, ಒಂದು ಅಂಚು ಹೊಲಿದಿಟ್ಟಿದ್ದಳು. ಬಿದ್ದು ಬಂದ ಮೇಲೆ ಅದನ್ನು ಮಡಚಿ ಕಪಾಟಿನ ಮೇಲೆ ಎತ್ತಿಟ್ಟಳು.

ಒಂದು ದಿನ ಮಗಳಿಗೆ ಫೋನಿನಲ್ಲಿ ಹೇಳುತ್ತಿದ್ದುದು ನನ್ನ ಕಿವಿಗೆ ಬಿತ್ತು.

"ನೀ ಅಲ್ಲೇ ನಿಮ್ಮತ್ತಿ ಹತ್ರನ ಬಾಣಂತನ ಮಾಡಿಸ್ಕೊ. ನನ್ನ ಕೈಯಾಗಿಂದ ಕೂಸು ಜಾರಿ ಬಿದ್ರ ಏನ್ ಮಾಡ್ಲಿ? ಹೊಲಿಯೂ ಕೈನೂ ಹೋತು, ಎರಿಯೂ ಕೈನೂ ಹೋತು."

ಆ ಕಡೆಯಿಂದ ಮಗಳು "ನೋಡೋಣ ಬಿಡವ್ವಾ" ಎಂದಿರಬೇಕು. ಇವಳು ಫೋನಿಟ್ಟು ಅಡಿಗೆಮನೆಗೆ ಹೋಗಿ ಎಡಗೈಯಿಂದ ಪಾತ್ರೆಗಳನ್ನು ಜೋರಾಗಿ ಜೋಡಿಸತೊಡಗಿದಳು. ನನಗೆ ದುಃಖ ಬರುವ ಮೊದಲು ಸಿಟ್ಟು ಬರುತ್ತದೆ. ಲೋಣಾವಳಾದ ಮೇಲೆ, ಆ ಮೆಟ್ಟಿಲಿನ ಮೇಲೆ, ಜೋಳದ ತೆನೆಯ ಮೇಲೆ, ಕೊನೆಗೆ ಅವಳ ಮೇಲೂ ಸಿಟ್ಟು ಬಂತು. ಮಗಳು ಬರದೆ ಹೋದರೆ, ಮೊಮ್ಮಗುವಿಗೆ ಮೊದಲು ನೀರೆರೆಯುವುದು ಬೇರೆ ಯಾರದೋ ಕೈಯಾದರೆ, ಇವಳು ಆ ಕೈಯನ್ನು ಸೆರಗಿನಿಂದ ಮತ್ತೆ ಹೊರಗೆ ತೆಗೆಯಲಾರಳು ಎಂದು ನನಗೆ ಖಾತ್ರಿಯಾಗಿತ್ತು. ಕುರ್ಚಿ ಹಾಕಿಕೊಂಡು ಹತ್ತಿ ಕೌದಿ ಇಳಿಸಿದೆ.

"ನಾ ಹೊಲೀತೀನಿ. ನೀ ಬಾಯಿಲೆ ಹೇಳು."

"ನೀವಾ?" ಎಂದಳು. "ಅಂಗಿಗೆ ಗುಂಡಿ ಹಚ್ಚಿಕೊಳ್ಳಾಕ ಬರೂದಿಲ್ಲ ನಿಮಗ!"

"ಕಾರ್ಖಾನಿ ಮಾಲು ಅಳದಾಂವ ನಾ. ಸೂಜಿ ಏನ್ ದೊಡ್ಡ ಮಾತು?"

ಮರುದಿನ ಚಾಪೆಯ ಮೇಲೆ ಕೌದಿ ಹರಡಿ, ಪಕ್ಕದಲ್ಲಿ ಸ್ಟೀಲ್ ಸ್ಕೇಲು, ಸೀಮೆಸುಣ್ಣ, ಕನ್ನಡಕ ಎಲ್ಲವನ್ನೂ ಜೋಡಿಸಿಕೊಂಡು ಕೂತೆ. ಗೆರೆ ಎಳೆದು, ಒಂದೊಂದು ಹೊಲಿಗೆಯನ್ನೂ ಅಳೆದು ಹಾಕಿದೆ. ಬೆಳಗಿನ ಚಹಾ ಕುಡಿದು ಕೂತವನು ಊಟದ ಹೊತ್ತಿಗೆ ನೋಡಿದರೆ ಗೇಣುದ್ದ ಮುಗಿದಿತ್ತು. ಅದರಲ್ಲೂ ನಡುವೆ ಒಂದು ಹೊಲಿಗೆ ಗೆರೆ ದಾಟಿತ್ತು. ಬಿಚ್ಚಲು ಕತ್ತರಿ ತೆಗೆದುಕೊಂಡೆ. ಮಂಚದ ಮೇಲೆ ಕೂತಿದ್ದವಳು ಗದರಿಸಿದಳು.

"ಏ ಏ, ಬಿಚ್ಚಬ್ಯಾಡ್ರಿ! ಕೌದಿ ಬಿಚ್ಚೂದಿಲ್ಲ."

"ಸೊಟ್ಟ ಆಗ್ಯದಲ್ಲ?"

"ಆಗ್ಲಿ. ನಮ್ಮ ಮನ್ಯಾಗ ನಾಕ ಮಂದಿ ಕೂಡಿ ಹೊಲಿಯೂ ಮುಂದ ಯಾರದರೆ ಸೊಟ್ಟ ಹೋದ್ರ ಉಳಿದವರು ಹೊಟ್ಟಿ ತುಂಬ ನಗೂದು. ನಕ್ರ ಮುಗೀತು. ಅದನ್ನ ಹಂಗ ಬಿಟ್ಟು ಮುಂದ ಹೋಗೂದು."

ತಪ್ಪನ್ನು ನಕ್ಕು ಒಳಗೇ ಇಟ್ಟುಕೊಳ್ಳುವ ಇಂಥ ವಿಭಾಗ ನಮ್ಮ ಕಾರ್ಖಾನೆಯಲ್ಲಿ ಇರಲಿಲ್ಲ. ನನಗೆ ಮೈ ಉರಿಯಿತು. ಆದರೆ ಕಲಿಸುವವಳು ಅವಳು, ಅವಳ ಮಾತು ಕೇಳಲೇಬೇಕು. ಸ್ಕೇಲನ್ನು ಅವಳೇ ಕಸಿದು ಮಂಚದ ಕೆಳಗೆ ತಳ್ಳಿದಳು, ಎಡಗೈಯಿಂದ.

ಅಲ್ಲಿಂದ ಮುಂದೆ ನನ್ನ ತಪ್ಪುಗಳಿಗೆ ತಡೆಯೇ ಇರಲಿಲ್ಲ. ನನ್ನ ಹಳೆಯ ಅಂಗಿಯ ತುಂಡೊಂದನ್ನು ಜೇಬಿನ ಸಮೇತ ಹೊಲಿದುಬಿಟ್ಟೆ. "ಇರ್ಲಿ ಬಿಡ್ರಿ, ಕೂಸು ತನ್ನ ಸಾಮಾನು ಇಟಗೊಳ್ಳಲಿ" ಎಂದಳು. ಹಸಿರು ಇರಬೇಕಾದಲ್ಲಿ ಎರಡು ಕೆಂಪು ತುಂಡು ಅಕ್ಕಪಕ್ಕ ಬಂದವು. ಮಗಳ ಶಾಲೆಯ ಲಂಗದ ನೀಲಿ ತುಂಡು ಒಳಮೈ ಮೇಲಾಗಿ ಕೂತಿತು. ಪ್ರತಿ ಸಲವೂ ಅವಳ ತುಟಿ ಸ್ವಲ್ಪ ಬಿರಿಯುತ್ತಿತ್ತು. ಆದರೆ ತವರಿನಲ್ಲಿ ಹೊಟ್ಟೆ ತುಂಬ ನಗುತ್ತಿದ್ದೆವು ಎಂದಳಲ್ಲ, ಆ ನಗು ಬಂದಿರಲಿಲ್ಲ.

ಅದು ಬಂದದ್ದು ಒಂದು ಮಧ್ಯಾಹ್ನ. ಚಾಪೆಯ ಮೇಲೆ ಕೂತು ಕೂತು ಕಾಲು ಜೋಮು ಹಿಡಿದಿದ್ದರಿಂದ ಕೌದಿಯನ್ನು ತೊಡೆಯ ಮೇಲೆಳೆದುಕೊಂಡು ಹೊಲಿಯುತ್ತಿದ್ದೆ. ಅವತ್ತು ಕೈ ಸರಾಗವಾಗಿ ಓಡುತ್ತಿತ್ತು. ಒಂದು ಪೂರ್ತಿ ಸಾಲು ನೇರವಾಗಿ ಬಂದಿತ್ತು. ನನ್ನನ್ನು ನಾನೇ ಮೆಚ್ಚಿಕೊಳ್ಳುತ್ತಿರುವಾಗ ಬಾಗಿಲ ಗಂಟೆ ಹೊಡೆಯಿತು. ಎದ್ದೆ. ಕೌದಿಯೂ ಎದ್ದಿತು. ನೆಲದ ಮೇಲೆ ಎಳೆಯುತ್ತ, ಎಡವುತ್ತ, ಬಾಗಿಲು ತೆಗೆದರೆ ಎದುರು ಮನೆಯ ಮರಾಠಿ ಹೆಂಗಸು, ನಾವೆಲ್ಲ ಕಾಕು ಎಂದು ಕರೆಯುವವರು, ಕೈಯಲ್ಲಿ ಕೊತ್ತಂಬರಿ ಸೊಪ್ಪಿನ ಬಿಸಿ ಕೋಥಿಂಬಿರ ವಡಿಯ ತಟ್ಟೆ. ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಅಹೋ ಕಾಕಾ, ಗೋಧಡೀ ನೇಸಲಾತ್ ಕಾ?"

ಕೌದಿ ಉಟ್ಟುಕೊಂಡಿದ್ದೀರಾ ಎಂದು ಅವರು ಮರಾಠಿಯಲ್ಲಿ ಕೇಳಿದ ಪ್ರಶ್ನೆ ನ್ಯಾಯವಾದದ್ದೇ. ಆ ನೇರವಾದ ಸಾಲನ್ನು ನಾನು ಕೌದಿಯ ಜೊತೆಗೆ ನನ್ನ ಪಾಯಜಾಮದ ಮಂಡಿಗೂ ಸೇರಿಸಿ ಹೊಲಿದಿದ್ದೆ. ಒಳಗಿನಿಂದ ಒಂದು ಶಬ್ದ ಕೇಳಿತು. ಮೊದಲು ಅವಳು ಅಳುತ್ತಿದ್ದಾಳೆ ಎಂದುಕೊಂಡೆ. ತಿರುಗಿದರೆ ಮಂಚದ ಮೇಲೆ ಮುದುರಿ ಬಿದ್ದು, ಉಸಿರು ಸಿಗದಂತೆ, ಕಣ್ಣಲ್ಲಿ ನೀರು ಸುರಿಸಿಕೊಂಡು ನಗುತ್ತಿದ್ದಳು. ಮಳೆಗಾಲದಿಂದ ಕೇಳದ ನಗು. ಕಾಕು ತಟ್ಟೆ ಕೆಳಗಿಟ್ಟು ತಾವೂ ಕೂತು ನಕ್ಕರು. ನನಗೆ ಬಂದಿದ್ದ ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

"ಈಗರೆ ಬಿಚ್ಚಲೇನು?" ಎಂದೆ.

"ಕೌದಿ ಬಿಚ್ಚೂದಿಲ್ಲ ಅಂದೀನಲ್ಲ," ಎಂದಳು ನಗುವಿನ ನಡುವೆ. "ಪಾಯಜಾಮ ಕತ್ತರಸ್ರಿ."

ಹಾಗೆ ನನ್ನ ಪಾಯಜಾಮದ ಮಂಡಿ ಮೊಮ್ಮಗುವಿನ ಕೌದಿಯಲ್ಲಿ ಖಾಯಂ ಆಯಿತು. ಕಾಕು ಈ ಸುದ್ದಿಯನ್ನು ನಮ್ಮ ಹೌಸಿಂಗ್ ಸೊಸಾಯಟಿಯ ಅಷ್ಟೂ ಮಹಡಿಗೆ ಹಂಚಿದರು. ಲಿಫ್ಟಿನಲ್ಲಿ ಸಿಕ್ಕವರೆಲ್ಲ ನನ್ನ ಮುಖ ನೋಡುವ ಮೊದಲು ಮಂಡಿ ನೋಡುತ್ತಿದ್ದರು.

ನಗು ಬಂತೇನೋ ಸರಿ. ಕೈ ಮಾತ್ರ ಸೆರಗಿನೊಳಗೇ ಇತ್ತು. ಮಗಳನ್ನು ಕರೆತರುವ ದಿನ ಹತ್ತಿರವಾಗುತ್ತಿತ್ತು. ಅವಳು ಫೋನು ಮಾಡಿದಾಗಲೆಲ್ಲ ಇವಳು ಊಟ ಮಾಡಿದೆಯಾ, ಗುಳಿಗೆ ತಗೊಂಡೆಯಾ ಎಂದು ಕೇಳುತ್ತಿದ್ದಳೇ ಹೊರತು ಬಾ ಎನ್ನುತ್ತಿರಲಿಲ್ಲ. ನಾನೇ ಕರೆಯಬಹುದಿತ್ತು. ಆದರೆ ಅಪ್ಪ ಕರೆದರೆ ಮಗಳು ಮನೆಗೆ ಬರುತ್ತಾಳೆ, ಬಾಣಂತನಕ್ಕೆ ಬರಬೇಕಾದರೆ ಅವ್ವನೇ ಕರೆಯಬೇಕು.

ಕೌದಿ ಮುಗಿಯುತ್ತ ಬಂತು. ಒಂದು ಮೂಲೆ ಮಾತ್ರ ಉಳಿದಿತ್ತು. ಕೊನೆಯ ಮೂಲೆ ಮುಚ್ಚುವ ಮೊದಲು ಕೌದಿಗೆ ಒಂದು ತುತ್ತು ಹಾಕಬೇಕು, ಕೌದಿ ಉಪವಾಸ ಇರಬಾರದು, ಹಾಗೆ ಹಾಕಿದರೆ ಅದರ ಮೇಲೆ ಮಲಗುವವರಿಗೆ ಯಾವತ್ತೂ ಅನ್ನಕ್ಕೆ ಕೊರತೆಯಾಗುವುದಿಲ್ಲ ಎಂದು ಅವಳು ಮೊದಲೇ ಹೇಳಿದ್ದಳು. ಅವತ್ತು ಅವಳು ಕಾಕುವಿನ ಜೊತೆ ಗುಡಿಗೆ ಹೋಗಿದ್ದಳು. ಬರುವುದರೊಳಗೆ ಮುಗಿಸಿ ಬೆರಗುಗೊಳಿಸೋಣ ಎಂದುಕೊಂಡು ಅಡಿಗೆಮನೆಗೆ ಹೋದೆ. ಜೋಳದ ರೊಟ್ಟಿ ಇತ್ತು. ಪಕ್ಕದಲ್ಲೇ ಕಾಕು ಕಳಿಸಿದ್ದ ಹೋಳಿಗೆಯೂ ಇತ್ತು. ನಮ್ಮ ಮೊದಲ ಮೊಮ್ಮಗುವಿನ ಕೌದಿಗೆ ಒಣ ರೊಟ್ಟಿಯೇ? ಹೋಳಿಗೆಯದೇ ದೊಡ್ಡ ತುಂಡು ಮುರಿದು, ಮೇಲಿಷ್ಟು ತುಪ್ಪವನ್ನೂ ಹಾಕಿ, ಒಳಗಿಟ್ಟು ಮೂಲೆ ಹೊಲಿದೆ. ಗುಡಿಯಿಂದ ಬಂದವಳಿಗೆ ಕೌದಿ ತೋರಿಸಿ, ತುತ್ತು ಹಾಕಿಯೇ ಮುಚ್ಚಿದ್ದೇನೆ ಎಂದೆ. ಏನು ಹಾಕಿದಿರಿ ಎಂದು ಅವಳು ಕೇಳಲಿಲ್ಲ. ಅವರ ಮನೆಯಲ್ಲಿ ಅದನ್ನು ಕೇಳುವ ಪ್ರಸಂಗವೇ ಬಂದಿರಲಿಕ್ಕಿಲ್ಲ.

ಕೆಲವು ದಿನಗಳಾದ ಮೇಲೆ ಬೆಳಿಗ್ಗೆ ಅವಳ ಕೂಗು ಕೇಳಿತು. ಕಿಟಕಿಯಿಂದ ಗೋಡೆಗೆ, ಗೋಡೆಯಿಂದ ಕಪಾಟಿಗೆ, ಕಪಾಟಿನ ಮೇಲಿದ್ದ ಕೌದಿಯ ಮೂಲೆಗೆ ಕೆಂಪಿರುವೆಗಳ ಸಾಲು ಹತ್ತಿತ್ತು. ನಾನು ಹಾಕಿದ ಯಾವ ಸಾಲೂ ಅಷ್ಟು ನೇರವಾಗಿರಲಿಲ್ಲ.

"ಏನ್ ಹಾಕೀರಿ ಒಳಗ?"

"ಹೋಳಿಗಿ."

"ಅಯ್ಯ ನನ್ನ ಶಿವನ! ಒಣಾ ರೊಟ್ಟಿ ಹಾಕ್ತಾರ್ರಿ! ಒಣಾ ರೊಟ್ಟಿ!"

"ತುಪ್ಪನೂ ಹಾಕೀನಿ," ಎಂದೆ, ಹೇಗೂ ಗೊತ್ತಾಗುತ್ತದಲ್ಲ ಎಂದು.

ಅವಳು ಅಲ್ಲೇ ನೆಲದ ಮೇಲೆ ಕೂತು ನಕ್ಕಳು. ನಕ್ಕು ಮುಗಿದ ಮೇಲೆ ತೀರ್ಪು ಕೊಟ್ಟಳು: "ಇರಿವಿಗೆ ನಮ್ಮ ಪದ್ಧತಿ ಗೊತ್ತಿಲ್ಲ. ಈ ಮೂಲಿ ಒಂದು ಬಿಚ್ರಿ."

ಬಿಚ್ಚಿ, ಝಾಡಿಸಿ, ಬಿಸಿಲಿಗೆ ಹಾಕಿದೆವು. ಸಂಜೆ ಒಂದು ಚೂರು ಒಣ ರೊಟ್ಟಿ ಒಳಗಿಟ್ಟು ನಾನು ಸೂಜಿಗೆ ದಾರ ಪೋಣಿಸಿದೆ. ಅವಳು ಕೌದಿಯನ್ನು ತನ್ನ ಕಡೆಗೆ ಎಳೆದುಕೊಂಡಳು.

"ತರ್ರಿ ಇಲ್ಲೆ. ಈ ಮೂಲಿ ನಿಮ್ಮನ್ನ ನಂಬಿ ಬಿಡೂದಿಲ್ಲ ನಾ."

ಸೆರಗಿನಿಂದ ಬಲಗೈ ಹೊರಗೆ ಬಂತು. ನಾನು ಸೂಜಿ ಕೊಟ್ಟೆ. ಅವಳ ಬೆರಳು ಅದನ್ನು ಹಿಡಿಯಲು ಹೆಣಗಿದವು. ಮೊದಲ ಹೊಲಿಗೆ ಉದ್ದವಾಯಿತು. ಎರಡನೆಯದು ಓರೆಯಾಯಿತು. ಮುಂದಿನದು ದಾರ ಸಡಿಲಾಗಿ ಕುಣಿಕೆಯಂತೆ ಮೇಲೆದ್ದಿತು. ಊರಿನವರೆಲ್ಲ ಹೊಗಳುತ್ತಿದ್ದ ಕೈ ಅದು. ಮೂಲೆ ಅರ್ಧವಾಗುವಷ್ಟರಲ್ಲಿ ಸೂಜಿಯನ್ನು ಬಟ್ಟೆಗೆ ಚುಚ್ಚಿ ಬಿಟ್ಟುಬಿಟ್ಟಳು.

"ಬಿಚ್ರಿ ಇದನ್ನ. ನೀವ ಹಾಕ್ರಿ," ಎಂದಳು. "ನಾ ಹೇಳಿದ್ದಿಲ್ಲೇನು, ನನ್ನ ಕೈ ಹೋತು ಅಂತ."

ಸಮಾಧಾನದ ಮಾತು ನನಗೆ ಬರುವುದಿಲ್ಲ. ನಾನು ಹೇಳಿದ ಸಮಾಧಾನಗಳಿಂದ ಈ ಮನೆಯಲ್ಲಿ ಜಗಳಗಳೇ ಆಗಿವೆ. ಕನ್ನಡಕ ಹಾಕಿಕೊಂಡೆ. ಕಾರ್ಖಾನೆಯಲ್ಲಿ ಮಾಲು ನೋಡುತ್ತಿದ್ದಂತೆ ಆ ಮೂಲೆಯನ್ನು ಬೆಳಕಿಗೆ ಹಿಡಿದು, ಮಗುಚಿ, ಮತ್ತೆ ಮಗುಚಿ ನೋಡಿದೆ. ನಗಬೇಕೆಂದು ನಾನು ಅಂದುಕೊಂಡಿರಲಿಲ್ಲ. ಆದರೆ ಆ ಹೊಲಿಗೆಗಳು ನಿಜಕ್ಕೂ ಅಷ್ಟು ಕೆಟ್ಟದಾಗಿದ್ದವು.

"ನನ್ನ ಪಾಯಜಾಮಕ್ಕ ಹಾಕಿದ್ದು ಇದಕಿಂತ ಛಲೋ ಇತ್ತು," ಎಂದೆ. ಎಂದವನಿಗೆ ನಗು ತಡೆಯಲಾಗಲಿಲ್ಲ. ಮೈ ಕುಲುಕಿಸಿ ನಕ್ಕೆ.

ಅವಳು ನನ್ನನ್ನು ಕಣ್ಣು ಬಿಟ್ಟು ನೋಡಿದಳು. ಒಂದು ಕ್ಷಣ ನಾನು ಕೆಟ್ಟೆ ಎಂದುಕೊಂಡೆ. ಆಮೇಲೆ ಬೆನ್ನ ಮೇಲೆ ಧಡ್ ಎಂದು ಒಂದು ಗುದ್ದು ಬಿತ್ತು.

"ನಗ್ತೀರಿ? ಹೋಳಿಗಿ ಹಾಕಿದ ಮನಷ್ಯಾ ನೀವು, ನನಗ ನಗ್ತೀರಿ?"

ಹೊಡೆದದ್ದು ಯಾವ ಕೈ ಎಂದು ನನಗೆ ಮೊದಲು ತಿಳಿಯಿತು, ಅವಳಿಗೆ ಆಮೇಲೆ. ಮುಷ್ಟಿ ಕಟ್ಟಿದ್ದ ಬಲಗೈಯನ್ನು ಅವಳು ಮುಂದೆ ಹಿಡಿದು ನೋಡಿಕೊಂಡಳು.

"ನೋವಾತೇನ್ರಿ?" ಎಂದಳು ಮೆಲ್ಲಗೆ.

"ಭಾಳ ನೋವಾತು," ಎಂದೆ. ಅಷ್ಟು ಸಂತೋಷದಿಂದ ನಾನು ಯಾವತ್ತೂ ನೋವು ಹೇಳಿಕೊಂಡವನಲ್ಲ.

ಅವಳು ಸೂಜಿ ಎತ್ತಿಕೊಂಡು ಉಳಿದ ಅರ್ಧ ಮೂಲೆಯನ್ನೂ ಹೊಲಿದಳು, ಮೊದಲಿನಷ್ಟೇ ಓರೆಯಾಗಿ. ಹಲ್ಲಿನಿಂದ ದಾರ ಕಡಿದಳು. ಕೌದಿಯನ್ನು ಮೊಣಕಾಲ ಮೇಲೆ ಹರಡಿ ಎರಡೂ ಕೈಯಿಂದ ಸವರಿದಳು.

"ಫೋನ್ ಹಚ್ರಿ ಆಕಿಗೆ," ಎಂದಳು.

ಹಚ್ಚಿ ಕೊಟ್ಟೆ. ಮಗಳು ಹಲೋ ಎನ್ನುವುದಕ್ಕೂ ಇವಳು ಬಿಡಲಿಲ್ಲ.

"ಕೌದಿ ಆಗ್ಯದ. ಭಾಳ ಸೊಟ್ಟ ಆಗ್ಯದ. ಯಾವಾಗ ಬರ್ತೀ ಹೇಳು."