ಬೆಟ್ಟದ ಮೇಲಿನ ಝೀರೋ ಬಲ್ಬು

ಆವತ್ತು ಮಧ್ಯಾಹ್ನ ಸ್ಟೆಲ್ಲಾ ಆಂಟಿ ನಮ್ಮ ಮನೆ ಬಾಗಿಲಿಗೆ ಬಂದಾಗ ಕೈಯಲ್ಲಿ ಇಂಡಿಯನ್ ಗ್ರೋಸರಿಯ ಪ್ಲಾಸ್ಟಿಕ್ ಚೀಲ ಇತ್ತು. ಕರಿಬೇವು ತಂದಿರಬೇಕು ಅಂದುಕೊಂಡೆ. ಚೀಲದಿಂದ ಹೊರಬಂದದ್ದು ರೇಡಿಯೋ.

"ಇದು ಬರೀ ಗೊರಗೊರ ಅಂತದೆ ಮಗಾ. ನಿಮ್ಮ ಯಜಮಾನ್ರು ಇಂಜಿನಿಯರಲ್ವಾ? ಸ್ವಲ್ಪ ನೋಡ್ತಾರಾ?"

(ಕಂಪ್ಯೂಟರಿನವರೇ ತುಂಬಿರುವ ಈ ಪರದೇಶದ ಫ್ರೀಮಾಂಟಿನಲ್ಲಿ ಯಾರ ಯಜಮಾನರು ಇಂಜಿನಿಯರಲ್ಲ ಹೇಳಿ? ಅವರಲ್ಲಿ ರೇಡಿಯೋ ಬಿಚ್ಚಲು ಬರುವವರು ಎಷ್ಟು ಜನ ಅನ್ನೋದು ಬೇರೆ ಮಾತು.)

ಆಂಟಿ ಬೆಂಗಳೂರಿನ ಫ್ರೇಜರ್ ಟೌನಿನವರು. ನಮ್ಮದೇ ಅಪಾರ್ಟ್‌ಮೆಂಟಿನ ಕೆಳಗಿನ ಮನೆಯಲ್ಲಿ ಮಗ ವಿನ್ಸೆಂಟ್ ಮತ್ತು ಸೊಸೆಯ ಜೊತೆ ಇದ್ದಾರೆ. ಇದ್ದಾರೆ ಅಂತ ಬರೆದೆ. ವಿನ್ಸೆಂಟ್ ಆಗಲೇ ಮನೆಯಲ್ಲಿರಲಿಲ್ಲ. ಸೇತುವೆಯ ಆಚೆ, ಕೊಲ್ಲಿ ದಾಟಿದರೆ ಸಿಗುವ ಆಸ್ಪತ್ರೆಯ ಐಸಿಯುನಲ್ಲಿ ವೆಂಟಿಲೇಟರಿಗೆ ಹಾಕಿದ್ದರು. ಜ್ವರ ಅಂತ ಹೋದವನಿಗೆ ರಕ್ತಕ್ಕೇ ನಂಜು ಏರಿತ್ತು. ಡಾಕ್ಟರು ಸೊಸೆಯನ್ನು ಒಂದು ಪುಟ್ಟ ರೂಮಿಗೆ ಕರೆದು, ಟಿಶ್ಯೂ ಡಬ್ಬ ಮುಂದೆ ಸರಿಸಿ, ಮೆತ್ತಗೆ ಮಾತಾಡಲು ಶುರು ಮಾಡಿದ್ದರು. ಟಿಶ್ಯೂ ಡಬ್ಬ ಮುಂದೆ ಬಂದರೆ ಏನರ್ಥ ಅಂತ ನಮಗೆಲ್ಲ ಗೊತ್ತು.

ಆಂಟಿಗೆ ಬೇಕಾಗಿದ್ದದ್ದು ಒಂದೇ. ಇಲ್ಲಿ ಒಂದು ಪುಟಾಣಿ ಕ್ರಿಶ್ಚಿಯನ್ ರೇಡಿಯೋ ಇದೆ. ದಿನಾ ಮೂರು ಗಂಟೆಗೆ ಒಬ್ಬಾಕೆ ಕಾಯಿಲೆ ಬಿದ್ದವರ ಹೆಸರುಗಳನ್ನು ಒಂದೊಂದಾಗಿ ಓದಿ ಪ್ರಾರ್ಥನೆ ಮಾಡುತ್ತಾರೆ. ಸೊಸೆ ಫೋನ್ ಮಾಡಿ ವಿನ್ಸೆಂಟನ ಹೆಸರು ಕೊಟ್ಟಿದ್ದಳು. ಆದರೆ ಹೆಸರುಗಳು ಶುರುವಾದವೋ ಇಲ್ಲವೋ, ಗೊರಗೊರ!

"ದೇವರಿಗೆ ಕೇಳಿಸ್ತದೆ, ಅದು ಗೊತ್ತು ನಂಗೆ. ಆದ್ರೆ ನನ್ ಮಗನ ಕಿವಿಗೆ ಬೀಳ್ಬೇಕು. ಯಾರೋ ಗುರುತಿಲ್ದವರು ಅವನ ಹೆಸರು ಹೇಳಿ ಬೇಡ್ಕೊಳ್ತಿದ್ದಾರೆ ಅಂತ ಅವನಿಗೆ ತಿಳೀಬೇಕು."

ನಾನು ಮೈಸೂರಿನಲ್ಲಿ ಕಾನ್ವೆಂಟಿನಲ್ಲಿ ಓದಿದವಳು. ಬೆಳಿಗ್ಗೆ ಸಿಸ್ಟರುಗಳ ಜೊತೆ ಚರ್ಚಿನ ಹಾಡು, ಸಂಜೆ ಮನೆಯಲ್ಲಿ ದೀಪ ಹಚ್ಚಿ ಶ್ಲೋಕ. ಎರಡೂ ಜಗಳವಾಡದೆ ನನ್ನೊಳಗೆ ಇವೆ. ರೇಡಿಯೋ ಹಾಕಿದೆ. ಹಾಡು ಬಾವಿಯ ತಳದಿಂದ ಬಂದ ಹಾಗೆ ಬರುತ್ತಿತ್ತು. 'ಸ' ಬಂದಲ್ಲೆಲ್ಲ ಕುಕ್ಕರಿನ ಸೀಟಿ. ಆದರೂ ರಾಗ ಗುರುತು ಸಿಕ್ಕಿತು. ನನಗೇ ಗೊತ್ತಾಗದ ಹಾಗೆ ಗುನುಗಿದೆ. ಆಂಟಿ ನನ್ನ ಹಣೆಯ ಕುಂಕುಮ ನೋಡಿದರು, ನಕ್ಕರು. ಆವತ್ತು ಅವರು ನಕ್ಕದ್ದು ಅದೊಂದೇ ಸಲ.

ನನ್ನ ಮಗಳು ಮಹಡಿ ಮೆಟ್ಟಿಲಿನಿಂದ ಬಗ್ಗಿ, "ಅಮ್ಮಾ, ದಟ್ಸ್ ಜಸ್ಟ್ ನಾಯ್ಸ್" ಅಂದಳು.

ನಮ್ಮವರು ಮಾಡಿದ ಮೊದಲ ಕೆಲಸ ಯಾವ ಇಂಜಿನಿಯರಾದರೂ ಮಾಡುವಂಥದ್ದೇ. ಹಳೆಯದನ್ನು ಮೂಲೆಗಿಟ್ಟು ಹೊಸ ಡಿಜಿಟಲ್ ರೇಡಿಯೋ ತರಿಸಿದರು. ಬಟನ್ ಒತ್ತಿದರೆ ತಾನೇ ಸ್ಟೇಷನ್ ಹುಡುಕಿಕೊಳ್ಳುತ್ತೆ. ಹುಡುಕಿತು. ನ್ಯೂಸು, ಕ್ರಿಕೆಟ್ ಗೊತ್ತಿಲ್ಲದವರ ಆಟದ ಕಾಮೆಂಟರಿ, ಸ್ಪ್ಯಾನಿಷ್ ಹಾಡು, ಇನ್ಶೂರೆನ್ಸ್ ಜಾಹೀರಾತು, ಎಲ್ಲ ಸಿಕ್ಕಿತು. ಆಂಟಿಯ ಸ್ಟೇಷನ್ ಹತ್ತಿರ ಬಂದಾಗ ಮಾತ್ರ ನಿಲ್ಲದೆ ಮುಂದಕ್ಕೆ ಹಾರಿತು. ಬಲ ಇಲ್ಲದ ಸಿಗ್ನಲನ್ನು ಅದು ಸ್ಟೇಷನ್ ಅಂತಲೇ ಒಪ್ಪುವುದಿಲ್ಲವಂತೆ! ಮದುವೆ ಮನೆಯಲ್ಲಿ ಬಡ ನೆಂಟರನ್ನು ದಾಟಿ ಮುಂದಿನವರಿಗೆ ಕೈಮುಗಿಯುವವರು ಇರುತ್ತಾರಲ್ಲ, ಹಾಗೆ.

ಆಮೇಲೆ ನಮ್ಮವರು ಹಳೆಯದಕ್ಕೇ ಮರಳಿದರು. ಹಿಂಬದಿಯ ಸ್ವಿಚ್ಚನ್ನು ಸ್ಟೀರಿಯೋದಿಂದ ಮೋನೋಗೆ ತಳ್ಳಿದಾಗ ಗೊರಗೊರ ಅರ್ಧ ಇಳಿಯಿತು. ಆಂಟಿಯನ್ನು ಕೂರಿಸಿ ವಿವರಿಸಿದರು.

"ಆಂಟಿ, ಇದು ಪೂರ್ತಿ ಸ್ಟೇಷನ್ ಅಲ್ಲ. ಟ್ರಾನ್ಸ್‌ಲೇಟರ್ ಅಂತಾರೆ. ದೂರದ ದೊಡ್ಡ ಸ್ಟೇಷನ್ ಹೇಳಿದ್ದನ್ನ ಈ ಬೆಟ್ಟದ ಮೇಲಿನ ಡಬ್ಬ ಕೇಳಿಸ್ಕೊಂಡು, ನಮ್ಮ ಕಡೆಗೆ ಮತ್ತೆ ಹೇಳತ್ತೆ. ಪವರ್ ತುಂಬಾ ಕಮ್ಮಿ. ದೇವರ ಮನೆ ಝೀರೋ ಬಲ್ಬ್ ಇದ್ದ ಹಾಗೆ ಅಂತಿಟ್ಕೊಳ್ಳಿ."

"ಅದು ತಾನಾಗೇ ಏನೂ ಹೇಳಲ್ವಾ?"

"ಹೇಳೋ ಹಾಗಿಲ್ಲ. ರೂಲ್ ಇದೆ. ಕೇಳಿಸಿದ್ದನ್ನ ದಾಟಿಸೋದು ಮಾತ್ರ ಅದರ ಕೆಲಸ. ಸ್ವಂತದ್ದು ಸೇರಿಸ್ಬಾರದು."

ಆಸ್ಪತ್ರೆಗೆ ಮುಟ್ಟುತ್ತಾ? ಅದು ಆಂಟಿಯ ಮುಂದಿನ ಪ್ರಶ್ನೆ. ನಮ್ಮವರು ಲ್ಯಾಪ್‌ಟಾಪಿನಲ್ಲಿ ಮ್ಯಾಪ್ ತೆಗೆದರು. ಬೆಟ್ಟದ ಸುತ್ತ, ಸಿಗ್ನಲ್ ಮುಟ್ಟುವಷ್ಟು ದೂರಕ್ಕೆ, ಸೊಟ್ಟಗಿನ ಒಂದು ವೃತ್ತ. ಆಸ್ಪತ್ರೆ ಅದರ ಹೊರಗೆ. ಸೇತುವೆ ಹತ್ತುತ್ತಿದ್ದ ಹಾಗೆ ಇನ್ನೊಂದು ದೊಡ್ಡ ಸ್ಟೇಷನ್ ಬಂದು ಇದನ್ನು ನುಂಗುತ್ತಂತೆ. ಇಂಟರ್ನೆಟ್ಟಿನಲ್ಲಿ ಕೇಳಿಸೋಣವೆಂದರೆ ಆ ಸ್ಟೇಷನ್ನಿಗೆ ಆಪ್ ಇಲ್ಲ, ವೆಬ್‌ಸೈಟಿನ ಬಟನ್ ಎಷ್ಟು ಒತ್ತಿದರೂ ಸತ್ತ ಹಾಗೆ ಸುಮ್ಮನಿತ್ತು.

ಆಂಟಿ ತುಂಬಾ ಹೊತ್ತು ಮ್ಯಾಪ್ ನೋಡಿದರು. ಆಮೇಲೆ ಹೇಳಿದರು, "ನಾವು ಮನೆ ಕಟ್ಟಿಸೋವಾಗ ತಾರಸಿಗೆ ಮೋಲ್ಡ್ ಹಾಕಿದ ದಿನ ಜನ ಸಾಲಾಗಿ ನಿಂತು ಕಾಂಕ್ರೀಟಿನ ಬಾಂಡ್ಲಿ ಕೈ ಬದಲಾಯಿಸ್ತಿದ್ರು. ಕೆಳಗಿಂದ ಮೇಲಕ್ಕೆ ಒಬ್ಬನೇ ಹೊತ್ಕೊಂಡು ಹೋಗಲ್ಲ. ಹಾಗೇ ಯಾರಾದ್ರೂ ಮಧ್ಯ ನಿಂತ್ರೆ ಆಗಲ್ವಾ?"

ನಮ್ಮವರು ನನ್ನ ಮುಖ ನೋಡಿದರು. ಮಧ್ಯ ನಿಲ್ಲುವವರು ಯಾರು ಅಂತ ಕೇಳಬೇಕೇ? ಆಫೀಸಿಲ್ಲದ ಹೆಂಗಸು ಎಲ್ಲ ಕಡೆ ಮಧ್ಯದಲ್ಲೇ ನಿಂತಿರುತ್ತಾಳೆ.

ಮಾರನೆಯ ದಿನ ಸೊಸೆ ಆಂಟಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು. ನಾನು ಕಾರು ತೆಗೆದುಕೊಂಡು ಸೇತುವೆಗೆ ಮೊದಲು, ಉಪ್ಪಿನ ಮಡುಗಳ ಪಕ್ಕದ ಪಾರ್ಕಿಂಗಿಗೆ ಹೋದೆ. ಸಿಗ್ನಲ್ಲಿನ ಕೊನೆಯ ಅಂಚು ಅದು. ಫೋನಿನಲ್ಲಿ ಕೇಳಿಸುವುದು ಮನೆಯಿಂದಲೂ ಆಗುತ್ತಿತ್ತು, ಆದರೆ ನಾನು ಮಗನಿಗೆ ಆದಷ್ಟು ಹತ್ತಿರ ನಿಲ್ಲಬೇಕು ಅಂತ ಆಂಟಿಯ ಆಸೆ. ಕಾರನ್ನು ಸ್ವಲ್ಪ ಹಿಂದೆ ತೆಗೆದರೆ ಬರುತ್ತೆ, ಒಂದು ಕಾರಿನಷ್ಟು ಮುಂದೆ ಹೋದರೆ ಹೋಗುತ್ತೆ. ಹಿಂದೆ ಮುಂದೆ ಮಾಡಿ ಮಾಡಿ ಒಂದು ಜಾಗ ಹಿಡಿದೆ. ನಾಯಿ ತಿರುಗಾಡಿಸಲು ಬಂದ ಒಬ್ಬರು ನನಗೆ ಪಾರ್ಕಿಂಗ್ ಬರುವುದಿಲ್ಲ ಅಂದುಕೊಂಡು ಕೈಸನ್ನೆಯಲ್ಲಿ ಸಹಾಯ ಮಾಡಿದರು!

ಫೋನ್ ಹಚ್ಚಿ ಕಾರಿನ ಸ್ಪೀಕರಿಗೆ ಒತ್ತಿ ಹಿಡಿದೆ. ಆ ಕಡೆ ಆಂಟಿ ತಮ್ಮ ಫೋನನ್ನು ಮಗನ ಕಿವಿಯ ಹತ್ತಿರ ಇಟ್ಟಿದ್ದರು. ವೆಂಟಿಲೇಟರಿನ ಉಸಿರು ನನಗೆ ಕೇಳಿಸುತ್ತಿತ್ತು. ಅಷ್ಟು ಕ್ರಮವಾಗಿ ಮನುಷ್ಯರು ಉಸಿರಾಡುವುದಿಲ್ಲ.

ಹೆಸರುಗಳು ಶುರುವಾದವು. ಹೇವರ್ಡಿನ ಮರಿಯಾ. ಟ್ರೇಸಿ ಊರಿನ ಜಾರ್ಜ್. ಹೆಸರು ಹೇಳಲು ಇಷ್ಟಪಡದ ಒಬ್ಬ ತಾಯಿ. ರೇಡಿಯೋದಾಕೆ ಯಾವ ಆತುರವೂ ಇಲ್ಲದೆ, ಒಂದೊಂದು ಹೆಸರಿಗೂ ನಿಂತು ನಿಂತು ಓದುತ್ತಿದ್ದರು. ನಮ್ಮ ವಾಟ್ಸಾಪ್ ಗ್ರೂಪು ನೆನಪಾಯಿತು. ವಿನ್ಸೆಂಟ್ ಐಸಿಯುಗೆ ಹೋದ ಸುದ್ದಿ ಬಂದ ದಿನ ಅಲ್ಲಿ ಕೈಮುಗಿದ ಎಮೋಜಿಗಳ ಸಾಲು ಬೆಳೆದಿತ್ತು. ನಾನೂ ಒಂದು ಹಾಕಿದ್ದೆ. ಆ ಸಾಲಿನಲ್ಲಿ ಒಬ್ಬರಾದರೂ ಅವನ ಹೆಸರು ಟೈಪ್ ಮಾಡಿದ್ದರೇ?

ಅಷ್ಟರಲ್ಲಿ ಹೋಯಿತು. ಹೆಸರುಗಳ ಮಧ್ಯೆಯೇ ಹೋಯಿತು. ಬರೀ ಸ್‌ಸ್‌ಸ್ ಅನ್ನುವ ಶಬ್ದ. ಕಾರನ್ನು ಹಿಂದೆ ತೆಗೆದೆ, ಬರಲಿಲ್ಲ. ಒಂದು ಕ್ಷಣ ಆ ಇನ್ನೊಂದು ದೊಡ್ಡ ಸ್ಟೇಷನ್ನಿನ ಟ್ರಂಪೆಟ್ ಸಂಗೀತ ಬಂದು ಹೋಯಿತು. ಫೋನಿನಲ್ಲಿ ಆಂಟಿಯ ದನಿ, ಪಿಸುಮಾತು.

"ಮಗಾ? ಮಗಾ, ಹೋಯ್ತಾ?"

ಉಸಿರಿನ ಯಂತ್ರ ನಿಲ್ಲದೆ ನಡೆಯುತ್ತಿತ್ತು.

ರೇಡಿಯೋದ ದನಿಯನ್ನು ಸಣ್ಣಗೆ ಮಾಡಿದೆ. ಫೋನನ್ನು ಬಾಯಿಯ ಹತ್ತಿರ ತಂದೆ. ಅಸೆಂಬ್ಲಿಯಲ್ಲಿ ಪ್ರಾರ್ಥನೆ ಓದುವಾಗ ಸಿಸ್ಟರ್ ಕಲಿಸಿದ್ದ ಇಂಗ್ಲಿಷು ಇತ್ತಲ್ಲ, ಪ್ರತಿ ಪದದ ಕೊನೆಯ ಅಕ್ಷರವನ್ನೂ ಮುಗಿಸುವ ಇಂಗ್ಲಿಷು, ಅದು ಎಲ್ಲಿತ್ತೋ ಬಂತು. "ಅಂಡ್ ಫಾರ್ ವಿನ್ಸೆಂಟ್, ಆಫ್ ಫ್ರೀಮಾಂಟ್" ಅಂದೆ. ರೇಡಿಯೋದಾಕೆಯ ಹಾಗೇ ಒಂದು ಕ್ಷಣ ತಡೆದೆ. "ಲೆಟ್ ಅಸ್ ಪ್ರೇ."

ಮತ್ತೆ ಫೋನನ್ನು ಸ್ಪೀಕರಿಗೆ ಒತ್ತಿ ದನಿ ಏರಿಸಿದಾಗ ಗೊರಗೊರದ ಮಧ್ಯೆ ಆಕೆ ಆಮೆನ್ ಹೇಳುತ್ತಿದ್ದರು. ಆ ನಡುವೆ ನಿಜವಾಗಿ ವಿನ್ಸೆಂಟನ ಹೆಸರು ಓದಿದರೋ ಇಲ್ಲವೋ ನನಗೆ ಗೊತ್ತಿಲ್ಲ.

"ಬಂತು ಮಗಾ" ಅಂದರು ಆಂಟಿ. "ಬಂತು. ಅವನ ಬೆರಳು ಅಲ್ಲಾಡ್ತು."

ಬೆರಳು ಅಲ್ಲಾಡಿದ್ದು ಔಷಧದಿಂದಲೂ ಇರಬಹುದು ಅಂತ ಸೊಸೆ ಆಮೇಲೆ ನನಗೆ ಹೇಳಿದಳು. ಆಂಟಿಗೆ ಹೇಳಲಿಲ್ಲ.

ಆ ವಾರ ಮುಗಿಯುವುದರೊಳಗೆ ವಿನ್ಸೆಂಟ್ ಹೋಗಿಬಿಟ್ಟ.

ಮನೆ ತುಂಬ ಜನ. ಕರಿ ಬಟ್ಟೆ, ಪೇಪರ್ ಪ್ಲೇಟಿನಲ್ಲಿ ಯಾರೂ ತಿನ್ನದ ಸ್ಯಾಂಡ್‌ವಿಚ್ಚು. ಆಂಟಿ ಸೋಫಾದ ತುದಿಯಲ್ಲಿ ಕೂತು, ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದರು. "ಉಳಿದಿದ್ದೆಲ್ಲ ಗೊರಗೊರ. ನನ್ ಮಗನ ಹೆಸರು ಬಂದಾಗ ಮಾತ್ರ ಎಷ್ಟು ಕ್ಲಿಯರಾಗಿ ಬಂತು ಅಂತೀರಿ! ಪಕ್ಕದಲ್ಲಿ ನಿಂತು ಹೇಳಿದ ಹಾಗೆ." ಕೇಳಿದವರು ಶಿಲುಬೆಯ ಗುರುತು ಹಾಕಿಕೊಂಡರು. ಒಬ್ಬರು ಅತ್ತರು. ನಾನು ಕಾಫಿ ಕಪ್ಪುಗಳನ್ನು ಎತ್ತಿಕೊಂಡು ಅಡುಗೆಮನೆಗೆ ಹೋದೆ.

ರಾತ್ರಿ ಊಟಕ್ಕೆ ಕೂತಾಗ ನಮ್ಮವರು ಯೋಚಿಸುತ್ತಾ ಕೇಳಿದರು. "ಆ ಅಂಚಿನಲ್ಲಿ ಅಷ್ಟು ಕ್ಲಿಯರಾಗಿ ಬರೋಕೆ ಚಾನ್ಸೇ ಇಲ್ವಲ್ಲ?"

"ಹುಳಿ ಹಾಕಲಾ?" ಅಂದೆ. ಅವರು ತಟ್ಟೆ ಮುಂದೆ ಹಿಡಿದರು.

ಕಳೆದ ವಾರ ಆಂಟಿಯನ್ನು ಸ್ಮಶಾನಕ್ಕೆ ಕರೆದುಕೊಂಡು ಹೋಗಿದ್ದೆ. ಅದು ಈ ಕಡೆಯೇ, ಬೆಟ್ಟದ ಬುಡದಲ್ಲಿದೆ. ಅವರು ಹೂವಿಟ್ಟು ಬಂದು ಕಾರಿನಲ್ಲಿ ಕೂತಾಗ ಮೂರು ಗಂಟೆ. ನಾನು ಸ್ಟೇಷನ್ ಬದಲಾಯಿಸಿರಲಿಲ್ಲ. ಕೀ ತಿರುಗಿಸಿದ ಕೂಡಲೇ ರೇಡಿಯೋದಾಕೆಯ ದನಿ ಬಂತು. ಒಂದು ಚೂರೂ ಗೊರಗೊರವಿಲ್ಲ. 'ಸ'ದಲ್ಲಿ ಸೀಟಿಯಿಲ್ಲ. ಆಕೆ ಪುಟ ತಿರುಗಿಸುವ ಸದ್ದು ಕೂಡ ಕೇಳಿಸುತ್ತಿತ್ತು. ಆಸ್ಪತ್ರೆ ವೃತ್ತದ ಹೊರಗಿತ್ತು. ಸಮಾಧಿ ಒಳಗಿದೆ.

ಹೇವರ್ಡಿನ ಮರಿಯಾ ಇನ್ನೂ ಪಟ್ಟಿಯಲ್ಲಿದ್ದಾರೆ. ಆಮೇಲೆ ರೇಡಿಯೋದಾಕೆ ಓದಿದರು. ಫ್ರೀಮಾಂಟಿನ ವಿನ್ಸೆಂಟ್, ಬೇಗ ಗುಣವಾಗಲಿ.

ಸ್ಟೇಷನ್ನಿಗೆ ಸುದ್ದಿ ತಿಳಿಸಬೇಕು ಅಂತ ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ನನ್ನ ಕೈ ನಾಬ್ ಕಡೆ ಹೋಯಿತು. ಆಂಟಿ ನನ್ನ ಕೈ ಹಿಡಿದರು.

"ಇರ್ಲಿ ಬಿಡು ಮಗಾ. ಹೇಳಲಿ."

"ನಾನು ಫೋನ್ ಮಾಡಿ ಹೆಸರು ತೆಗೆಸ್ತೀನಿ ಆಂಟಿ."

"ಬೇಡ."

ಪ್ರಾರ್ಥನೆ ಮುಗಿಯುವ ತನಕ ಕೇಳಿದರು. ಕಣ್ಣು ಮುಚ್ಚಿ, ತಲೆ ಸ್ವಲ್ಪ ವಾಲಿಸಿ, ಆ ಹೆಂಗಸಿನ ದನಿಯನ್ನು ಗಮನವಿಟ್ಟು ಕೇಳಿದರು. ಮೊದಲ ಸಲ ಅದು ಅವರಿಗೆ ಪೂರ್ತಿಯಾಗಿ ಕೇಳಿಸುತ್ತಿತ್ತು. ನನ್ನ ಕೈಯನ್ನು ಬಿಟ್ಟಿರಲಿಲ್ಲ. ಆಮೇಲೆ ಕಣ್ಣು ತೆರೆದು, ನನ್ನ ಕಡೆ ನೋಡದೆ, ಮುಂದಿನ ಗಾಜಿನಾಚೆ ನೋಡುತ್ತಾ ಹೇಳಿದರು.

"ಆವತ್ತು ಇದಕ್ಕಿಂತ ಚೆನ್ನಾಗಿ ಕೇಳಿಸ್ತು."

ಅವರ ಕೈ ಬಿಡಿಸಿಕೊಳ್ಳದೆ, ಇನ್ನೊಂದು ಕೈಯಲ್ಲೇ ಸ್ಟೀರಿಂಗ್ ಹಿಡಿದು ಕಾರು ಹೊರಡಿಸಿದೆ.