ಡ್ರೆಸಿಂಗ್ ಸಿಸ್ಟರಿಗೆ ಕಲಿಸಿದ ಕನ್ನಡ

ಮಗಳಿಗೆ ಆಗ ಏಳು ವರ್ಷ. ಅಪೆಂಡಿಕ್ಸ್ ಆಪರೇಶನ್ ಮಾಡಿಸಿ, ಸಾಂಗಲಿಯಿಂದ ವಳಸಂಗದ ಮನೆಗೆ ಕರೆತಂದಿದ್ದೆವು. ಕೆಲವು ದಿನ ಚೆನ್ನಾಗಿದ್ದವಳಿಗೆ ಮತ್ತೆ ಜ್ವರ ಬಂತು. ಅಂಗಿ ಎತ್ತಿ ನೋಡಿದರೆ ಹೊಲಿಗೆಯ ಸುತ್ತ ಕೆಂಪಾಗಿ ಊದಿತ್ತು. ಅತ್ತೆ ಅರಿಷಿಣ ಹಚ್ಚೋಣ ಅಂದರು. ನಾನು ಕೇಳದೆ ಅವಳನ್ನು ಜತ್ತದ ದವಾಖಾನೆಗೆ ಕರೆದೊಯ್ದೆ.

ಡಾಕ್ಟರು ಎರಡು ಹೊಲಿಗೆ ಬಿಚ್ಚಿ ಕೀವು ತೆಗೆದರು. ಗಾಯ ಹಾಗೇ ತೆರೆದಿರಲಿ, ಒಳಗಿನಿಂದ ತುಂಬಿಕೊಂಡು ಬರಬೇಕು, ದಿನಾ ಡ್ರೆಸಿಂಗ್ ಮಾಡಿಸಿ ಎಂದು ಔಷಧ ಬರೆದುಕೊಟ್ಟರು.

ಡ್ರೆಸಿಂಗ್ ಮಾಡುವ ಸಿಸ್ಟರು ಕೊಂಕಣದ ಕಡೆಯ ಮರಾಠಿಯವರು, ಕನ್ನಡದ ಗಂಧವಿಲ್ಲ. ಅವರು ಹತ್ತಿ ಹಿಡಿದ ಕೂಡಲೇ ಮಗಳು, ಅಜ್ಜಿ ಕೋಳಿಗೆ ಬೈಯುವ ಮಾತನ್ನೇ ಎತ್ತಿ ಒಗೆದಳು: "ನಿನ್ನ ಬಾಯಾಗ ಮಣ್ಣ ಬೀಳ್ಲಿ!"

ಸಿಸ್ಟರು ನನ್ನ ಕಡೆ ತಿರುಗಿ ಅರ್ಥ ಕೇಳಿದರು. 'ಸಾವಕಾಶ, ಸಾವಕಾಶ' ಅಂತಿದ್ದಾಳೆ ಅಂದುಬಿಟ್ಟೆ. ಅವರಿಗೆ ಮಾತು ಹಿಡಿಸಿತು. ಮರುದಿನ ಬಾಲಗಾಂವದ ಹಿರಿಯರೊಬ್ಬರ ಕಾಲಿನ ಗಾಯ ತೊಳೆಯುತ್ತ, ಅವರು ಮುಖ ಕಿವುಚಿದಾಗ ಬಹಳ ಪ್ರೀತಿಯಿಂದ ಮಗಳ ಆ ಮಾತನ್ನೇ ಅಂದರು.

ಹಿರಿಯರು ಕಣ್ಣು ಅಗಲಿಸಿದರು. "ಯಾಕವ್ವಾ, ನಾ ಏನ ತಪ್ಪ ಮಾಡೀನಿ?"

ಮಗಳ ಜೊತೆ ಬಾಗಿಲಲ್ಲಿ ಸರದಿ ಕಾಯುತ್ತಿದ್ದ ನನಗೆ ಎಲ್ಲಿ ಮುಖ ಇಡಬೇಕೋ ತಿಳಿಯಲಿಲ್ಲ. ಹಿರಿಯರೇ ನಗುತ್ತ ಮರಾಠಿಯಲ್ಲಿ ಅರ್ಥ ಬಿಡಿಸಿ ಹೇಳಿದರು. ಸಿಸ್ಟರು ನನ್ನನ್ನೂ ಮಗಳನ್ನೂ ನೋಡಿ, ಕೈಯಲ್ಲಿದ್ದ ಟ್ರೇ ಕೆಳಗಿಟ್ಟು, ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಮಗಳ ಎದುರು ಕುಳಿತು, ಇನ್ನು ಮುಂದೆ ಖರೆ ಕನ್ನಡ ನೀನೇ ಕಲಿಸಬೇಕು ಎಂದರು. ನಾನು ಅದನ್ನು ಕನ್ನಡದಲ್ಲಿ ಹೇಳಿದೆ.

ಮಗಳಿಗೆ ಎಲ್ಲಿಲ್ಲದ ಗತ್ತು ಬಂತು. ಮೇಜಿನ ಮೇಲೆ ಮಲಗಿಕೊಂಡೇ, ನೋವು ವಿಚಾರಿಸುವ ಮಾತಿನಿಂದ ಪಾಠ ಶುರು ಮಾಡಿದಳು.

"ಬ್ಯಾನಿ ಆಗ್ತದೇನ? ಅನ್ರಿ."

ಸಿಸ್ಟರು "ಬೇನಿ" ಅಂದರೆ, ಅಲ್ಲ, "ಬ್ಯಾನಿ" ಎಂದು ತಿದ್ದುವಳು. ತಪ್ಪಿಗೆ ನಗುವ ಭರದಲ್ಲಿ ಹಳೆಯ ಪಟ್ಟಿ ಬಿಚ್ಚಿದ್ದೇ ಅವಳಿಗೆ ತಿಳಿಯುತ್ತಿರಲಿಲ್ಲ. ಕೀವು ನಿಂತಿತು, ಗಾಯದ ತಳ ಕೆಂಪಗೆ, ಆರೋಗ್ಯವಾಗಿ ಮೇಲೆ ಬಂತು. ನೋಡನೋಡುತ್ತ ಬಾಯಿ ಕೂಡಿತು.

ನೀರಿಗಿಳಿಯಲು ಡಾಕ್ಟರು ಒಪ್ಪಿದ ಮೇಲೆ ಅವಳು ಅಪ್ಪನ ಜೊತೆ ನಮ್ಮ ಹೊಲದ ಬಾವಿಯಲ್ಲಿ ಈಜು ಕಲಿತಳು. ಹೊಟ್ಟೆಯ ಮೇಲಿನ ಗುರುತು ಒಂದು ಕಡೆ ಸಣ್ಣ, ಒಂದು ಕಡೆ ಅಗಲ. ಅದರ ಪರಿವೆಯೇ ಇಲ್ಲದೆ ಮೆಟ್ಟಿಲು ಹತ್ತಿ ಬಂದು ಮತ್ತೆ ಜಿಗಿಯುತ್ತಿದ್ದಳು.